ಆಜ್ಞೆ ಕೊಟ್ಟವನ ಮರುದಿನ: ಬಾಹ್ಯಾಕಾಶ ಧಾರಾವಾಹಿಗಳು ನೋವನ್ನು ತೋರಿಸಲು ಕಲಿತ ಕಥೆ



ಬಾಹ್ಯಾಕಾಶದ ಧಾರಾವಾಹಿ ಎಂದಾಗ ನಮಗೆ ಮೊದಲು ನೆನಪಾಗುವುದು ನೌಕೆಗಳು, ಲೇಸರ್ ಬೆಳಕು, ವಿಚಿತ್ರ ಮುಖದ ಜೀವಿಗಳು. ಆದರೆ ಅವುಗಳ ಚರಿತ್ರೆಯಲ್ಲಿ ಇನ್ನೊಂದು ಎಳೆಯೂ ಇದೆ. ನೂರಾರು ಜನರ ಪ್ರಾಣವನ್ನು ಕೈಯಲ್ಲಿ ಹಿಡಿದು ಆಜ್ಞೆ ಕೊಟ್ಟವನು ಮರುದಿನ ಹೇಗೆ ಎದ್ದು ಕೆಲಸಕ್ಕೆ ಹೋಗುತ್ತಾನೆ? ಟಿವಿ ಈ ಪ್ರಶ್ನೆಯನ್ನು ಸರಿಯಾಗಿ ಕೇಳಲು ಹಲವು ವರ್ಷಗಳೇ ಬೇಕಾದವು.

ಮುಂದಿನ ವಾರ ಎಲ್ಲವೂ ಮೊದಲಿನಂತೆ

‘ಸ್ಟಾರ್ ಟ್ರೆಕ್’ ಸೃಷ್ಟಿಸಿದ ಜೀನ್ ರಾಡನ್‌ಬೆರಿ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಪೈಲಟ್ ಆಗಿದ್ದವರು. 1943ರಲ್ಲಿ ಅವರು ನಡೆಸುತ್ತಿದ್ದ ವಿಮಾನ ಮೇಲೇರುವಾಗ ಅಪಘಾತಕ್ಕೀಡಾಗಿ ಇಬ್ಬರು ತೀರಿಕೊಂಡರು. ಅವರು ಮೊದಲು ತಯಾರಿಸಿದ ‘ದಿ ಕೇಜ್’ ಕಂತಿನ ಕ್ಯಾಪ್ಟನ್ ಪೈಕ್, ತನ್ನವರನ್ನು ಕಳೆದುಕೊಂಡು ದಣಿದವನು. ಯಾರು ಬದುಕಬೇಕು, ಯಾರು ಸಾಯಬೇಕು ಎಂದು ತೀರ್ಮಾನಿಸುವ ಈ ಕೆಲಸವೇ ಸಾಕಾಗಿದೆ ಎಂದು ವೈದ್ಯನ ಬಳಿ ಹೇಳಿಕೊಳ್ಳುತ್ತಾನೆ. ಎನ್‌ಬಿಸಿ ವಾಹಿನಿ ಆ ಕಂತನ್ನು ಒಪ್ಪಲಿಲ್ಲ. 1966ರ ಸೆಪ್ಟೆಂಬರಿನಲ್ಲಿ ತೆರೆಗೆ ಬಂದದ್ದು ಹೆಚ್ಚು ಹುರುಪಿನ ಕ್ಯಾಪ್ಟನ್ ಕರ್ಕ್.

ಕರ್ಕ್‌ಗೂ ಕಠಿಣ ಪರೀಕ್ಷೆಗಳು ತಪ್ಪಲಿಲ್ಲ. 1967ರ ಏಪ್ರಿಲ್ 6ರಂದು ಪ್ರಸಾರವಾದ ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಕಂತಿನಲ್ಲಿ ಅವನು 1930ರ ನ್ಯೂಯಾರ್ಕ್‌ಗೆ ಹೋಗುತ್ತಾನೆ. ಅಲ್ಲಿ ಬಡವರಿಗೆ ಊಟ ಹಾಕುವ ಎಡಿತ್ ಕೀಲರ್‌ಳನ್ನು ಪ್ರೀತಿಸುತ್ತಾನೆ. ಅವಳು ಬದುಕಿದರೆ ಚರಿತ್ರೆ ತಿರುಗಿ ನಾಜಿಗಳು ಗೆಲ್ಲುತ್ತಾರೆ ಎಂದು ತಿಳಿದಾಗ, ಅವಳನ್ನು ಉಳಿಸಲು ಓಡುತ್ತಿದ್ದ ಗೆಳೆಯನನ್ನು ತಾನೇ ತಡೆದು ಹಿಡಿಯುತ್ತಾನೆ.

ಮುಂದಿನ ವಾರದ ಕಂತಿನಲ್ಲಿ ಎಡಿತ್‌ಳ ಹೆಸರೂ ಬರುವುದಿಲ್ಲ. ಆಗ ಪ್ರತಿ ಕಂತೂ ತನ್ನಲ್ಲೇ ಮುಗಿಯಬೇಕಿತ್ತು. ಒಂದು ವಾರ ನೋಡದವರಿಗೂ ಕಥೆ ಅರ್ಥವಾಗಬೇಕು, ಮರುಪ್ರಸಾರದಲ್ಲಿ ಯಾವ ಕ್ರಮದಲ್ಲಿ ಹಾಕಿದರೂ ನಡೆಯಬೇಕು. ಹಾಗಾಗಿ ಕ್ಯಾಪ್ಟನ್ನನಿಗೆ ದುಃಖ ಪಡಲು ಐವತ್ತು ನಿಮಿಷಕ್ಕಿಂತ ಹೆಚ್ಚು ಸಮಯವೇ ಇರಲಿಲ್ಲ.

ಗಾಯಕ್ಕೆ ಹೆಸರು ಬಂದ ಮೇಲೆ

ಟಿವಿಯ ಹೊರಗೆ ಲೋಕ ಬದಲಾಗುತ್ತಿತ್ತು. ವಿಯೆಟ್ನಾಂ ಯುದ್ಧದಿಂದ ಹಿಂತಿರುಗಿದ ಸೈನಿಕರ ಸಂಕಟ ಅಮೆರಿಕದ ಕಣ್ಣಿಗೆ ಬಿದ್ದಿತ್ತು. 1980ರಲ್ಲಿ ಅಲ್ಲಿನ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ‘ಪಿಟಿಎಸ್‌ಡಿ’ ಎಂಬ ಹೆಸರನ್ನು ಸೇರಿಸಿತು. ದೊಡ್ಡ ಆಘಾತ ಕಂಡವರಿಗೆ ಅದೇ ಘಟನೆ ಕನಸಿನಲ್ಲೂ ಎಚ್ಚರದಲ್ಲೂ ಮರಳಿ ಬರುವುದು ಹೇಡಿತನವಲ್ಲ, ಅದು ಕಾಯಿಲೆ ಎಂದು ಒಪ್ಪಿದಂತಾಯಿತು.

ಹತ್ತು ವರ್ಷದಲ್ಲಿ ಅದು ಬಾಹ್ಯಾಕಾಶವನ್ನೂ ತಲುಪಿತು. ‘ದಿ ನೆಕ್ಸ್ಟ್ ಜನರೇಶನ್’ನಲ್ಲಿ ಬೋರ್ಗ್ ಎಂಬ ಶತ್ರುಗಳು ಕ್ಯಾಪ್ಟನ್ ಪಿಕಾರ್ಡ್‌ನನ್ನು ಸೆರೆಹಿಡಿದು ತಮ್ಮ ಯಂತ್ರವನ್ನಾಗಿ ಮಾಡುತ್ತಾರೆ. ತನ್ನ ಕ್ಯಾಪ್ಟನ್ ಇರುವ ನೌಕೆಯ ಮೇಲೇ ಗುಂಡು ಹಾರಿಸಲು ರೈಕರ್ ಆಜ್ಞೆ ಕೊಡಬೇಕಾಗುತ್ತದೆ. 1990ರ ಜೂನ್‌ನಲ್ಲಿ ಕಥೆ ಅಲ್ಲಿಗೇ ನಿಂತಿತು. ಸೆಪ್ಟೆಂಬರಿನಲ್ಲಿ ಪಿಕಾರ್ಡ್ ಪಾರಾದ. ಅಷ್ಟರೊಳಗೆ ಅವನ ಬುದ್ಧಿಯನ್ನೇ ಬಳಸಿ ಬೋರ್ಗ್‌ಗಳು 39 ನೌಕೆಗಳನ್ನು ನಾಶಮಾಡಿದ್ದರು.

ಹಳೆಯ ಪದ್ಧತಿಯಂತೆ ಮುಂದಿನ ವಾರ ಹೊಸ ಗ್ರಹಕ್ಕೆ ಹೋಗಬೇಕಿತ್ತು. ಆದರೆ ರೊನಾಲ್ಡ್ ಮೂರ್ ಬರೆದ ‘ಫ್ಯಾಮಿಲಿ’ ಎಂಬ ಆ ಕಂತಿನಲ್ಲಿ ಪಿಕಾರ್ಡ್ ಹೋಗುವುದು ಫ್ರಾನ್ಸಿನ ತನ್ನ ಊರಿಗೆ. ಅಲ್ಲಿ ದ್ರಾಕ್ಷಿತೋಟ ನೋಡಿಕೊಳ್ಳುವ ಅಣ್ಣ ರಾಬರ್ಟ್ ಇದ್ದಾನೆ. ಇಬ್ಬರಿಗೂ ಮೊದಲಿನಿಂದ ಸರಿಬರುವುದಿಲ್ಲ. ಜಗಳವಾಡಿ ಕೆಸರಿನಲ್ಲಿ ಬಿದ್ದು ಹೊರಳಾಡಿ, ನಗುತ್ತಾ ನಗುತ್ತಾ ಪಿಕಾರ್ಡ್ ಅಳಲು ಶುರುಮಾಡುತ್ತಾನೆ. ತಡೆಯಬೇಕಿತ್ತು, ತಡೆಯಲಾಗಲಿಲ್ಲ ಎಂಬ ಮಾತು ಆಗ ಹೊರಬರುತ್ತದೆ. ಅಣ್ಣ ಉಪದೇಶ ಮಾಡುವುದಿಲ್ಲ. ಇನ್ನು ನೀನು ಇದರೊಂದಿಗೇ ಬದುಕಬೇಕಾಗುತ್ತದೆ ಎಂಬ ನಿಜವನ್ನಷ್ಟೇ ಹೇಳುತ್ತಾನೆ.

ಕಾಲು ವಾಸಿಯಾಯಿತು, ಹುಡುಗ ವಾಸಿಯಾಗಲಿಲ್ಲ

1993ರಲ್ಲಿ ಆರಂಭವಾದ ‘ಡೀಪ್ ಸ್ಪೇಸ್ ನೈನ್’ ಅದೇ ಯುದ್ಧವನ್ನು ಇನ್ನೊಂದು ಕಡೆಯಿಂದ ತೋರಿಸಿತು. ಸಿಸ್ಕೋ ಅಲ್ಲಿ ಹೆಂಡತಿಯನ್ನು ಕಳೆದುಕೊಂಡವನು. ಪಿಕಾರ್ಡ್ ಎದುರಿಗೆ ಬಂದಾಗ ಅವನ ಮುಖ ಬಿಗಿಯಾಗುತ್ತದೆ. ಪಿಕಾರ್ಡ್ ತಾನೇ ಬಯಸಿ ಮಾಡಿದ್ದಲ್ಲ ಎಂಬುದು ನಮಗೆ ಗೊತ್ತು. ಆದರೆ ಸಿಸ್ಕೋನ ಮನೆಯಲ್ಲಿ ಖಾಲಿಯಾದ ಜಾಗ ಅದರಿಂದ ತುಂಬುವುದಿಲ್ಲ.

ನಮ್ಮ ವಯಸ್ಸಿನವರು ನೋಡಲೇಬೇಕಾದದ್ದು 1998ರ ಡಿಸೆಂಬರಿನ ‘ಇಟ್ಸ್ ಓನ್ಲಿ ಎ ಪೇಪರ್ ಮೂನ್’. ಯುದ್ಧದಲ್ಲಿ ಕಾಲು ಕಳೆದುಕೊಂಡ ನಾಗ್ ಎಂಬ ಹುಡುಗನಿಗೆ ಹೊಸ ಕಾಲು ಜೋಡಿಸಲಾಗಿದೆ. ವೈದ್ಯರ ಪ್ರಕಾರ ಅದು ಸರಿಯಾಗಿದೆ. ಆದರೂ ಅವನು ಕುಂಟುತ್ತಾನೆ, ನೋವು ಎನ್ನುತ್ತಾನೆ. ಕೊನೆಗೆ 1962ರ ಲಾಸ್ ವೇಗಸ್‌ನ ಕೃತಕ ಲೋಕವೊಂದರೊಳಗೆ ಅಡಗಿಕೊಳ್ಳುತ್ತಾನೆ. ಅಲ್ಲಿನ ಹಾಡುಗಾರ ವಿಕ್ ಅವನಿಗೆ ಜಾಗ ಕೊಡುತ್ತಾನೆ, ಲೆಕ್ಕ ಬರೆಯುವ ಕೆಲಸ ಕೊಡುತ್ತಾನೆ. ಸಮಯ ಬಂದಾಗ ಆ ಲೋಕವನ್ನೇ ಮುಚ್ಚಿ ಅವನನ್ನು ಹೊರಗೆ ಕಳುಹಿಸುತ್ತಾನೆ. ತಾನೂ ಸಾಯಬಹುದು ಎಂದು ತಿಳಿದ ಮೇಲೆ ಹೊರಗೆ ಹೋಗಲು ಭಯ ಎಂದು ನಾಗ್ ಆಗ ಒಪ್ಪಿಕೊಳ್ಳುತ್ತಾನೆ. ಈ ಕಂತು ತಮಗೆ ನೆರವಾಯಿತು ಎಂದು ಮಾಜಿ ಸೈನಿಕರು ಪಾತ್ರಧಾರಿ ಅರಾನ್ ಐಸೆನ್‌ಬರ್ಗ್ ಅವರಿಗೆ ತಿಳಿಸಿದ್ದುಂಟು.

ಬೋರ್ಡಿನ ಮೇಲಿನ ಸಂಖ್ಯೆ

ಮುಂದೆ ರೊನಾಲ್ಡ್ ಮೂರ್ ಅವರೇ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ವನ್ನು ಹೊಸದಾಗಿ ಕಟ್ಟಿದರು. ಅದರಲ್ಲಿ ಮನುಕುಲದಲ್ಲಿ ಉಳಿದವರು ಐವತ್ತು ಸಾವಿರಕ್ಕಿಂತ ಕಡಿಮೆ. 2004ರ ‘33’ ಎಂಬ ಕಂತಿನಲ್ಲಿ ಶತ್ರುಗಳು ಪ್ರತಿ 33 ನಿಮಿಷಕ್ಕೊಮ್ಮೆ ಬರುತ್ತಾರೆ. ಐದು ದಿನದಿಂದ ಯಾರಿಗೂ ನಿದ್ದೆಯಿಲ್ಲ. ಶತ್ರುವಿನ ಕೈಸೇರಿರಬಹುದಾದ ಪ್ರಯಾಣಿಕರ ನೌಕೆಯೊಂದು ಅಣುಬಾಂಬಿನೊಂದಿಗೆ ಹತ್ತಿರ ಬರುತ್ತಿದೆ. ಅದರಲ್ಲಿ ಹೊರಟಿದ್ದವರು 1,345 ಜನ. ಅಧ್ಯಕ್ಷೆ ರೋಸ್ಲಿನ್ ಅದನ್ನು ಹೊಡೆದುರುಳಿಸಲು ಒಪ್ಪುತ್ತಾಳೆ. ಒಳಗೆ ಜನರಿದ್ದರೇ? ಕಥೆ ಖಚಿತವಾಗಿ ಹೇಳುವುದಿಲ್ಲ. ಗುಂಡು ಹಾರಿಸಿದವರು ಆ ಸಂಶಯವನ್ನೂ ಹೊರಬೇಕು. ಕೊನೆಗೆ ಮಗುವೊಂದು ಹುಟ್ಟಿದ ಸುದ್ದಿ ಬರುತ್ತದೆ. ಬದುಕಿರುವವರ ಲೆಕ್ಕವಿರುವ ಬೋರ್ಡಿನಲ್ಲಿ ರೋಸ್ಲಿನ್ ಒಂದನ್ನು ಕೂಡಿಸುತ್ತಾಳೆ.

ಮಿತ್ರರೇ, ಸರಿಯಾದ ತೀರ್ಮಾನ ತೆಗೆದುಕೊಂಡವನಿಗೂ ಗಾಯವಾಗುತ್ತದೆ. ಈ ಚರಿತ್ರೆ ಕಲಿಸುವುದು ಅದನ್ನೇ. ನಮ್ಮ ಮನೆಗಳಲ್ಲೂ ಐಸಿಯು ಬಾಗಿಲಲ್ಲಿ ನಿಂತು ವೆಂಟಿಲೇಟರ್ ಬೇಕೋ ಬೇಡವೋ ಎಂದು ಸಹಿ ಹಾಕಿದ ಅಪ್ಪ, ಅಮ್ಮ, ಅಣ್ಣ ಇದ್ದಾರೆ. ‘ನೀವು ಮಾಡಿದ್ದು ಸರಿ, ಇನ್ನು ಮರೆತುಬಿಡಿ’ ಎಂದರೆ ಅವರ ನೋವು ಮುಗಿಯುವುದಿಲ್ಲ. ರಾಬರ್ಟ್‌ನಂತೆ ಪಕ್ಕದಲ್ಲಿ ಕೂರೋಣ. ವಿಕ್‌ನಂತೆ ಜಾಗ ಕೊಡೋಣ, ಸಮಯ ಬಂದಾಗ ಕೈಹಿಡಿದು ಹೊರಗೂ ಕರೆತರೋಣ. ನಿದ್ದೆಯೇ ಬಾರದಷ್ಟು ಭಾರವಾದರೆ ವೈದ್ಯರ ಬಳಿ ಹೋಗುವುದರಲ್ಲಿ ನಾಚಿಕೆಯಿಲ್ಲ. ಸರಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416 ಕೂಡ ಇದೆ. ಈ ವಾರ ಅಂಥವರೊಬ್ಬರ ಮನೆಗೆ ಹೋಗಿ, ಅವರು ಮಾತಾಡುವಷ್ಟು ಹೊತ್ತು ಕೇಳಿ ಬನ್ನಿ.