ಬೀಸುಕಲ್ಲಿನ ಮುಂದೆ ಆಯಿ

ನಮ್ಮ ಆಯಿ, ಅಂದರೆ ಅವ್ವನ ಅವ್ವ, ಹೆಬ್ಬೆಟ್ಟು ಒತ್ತುತ್ತಿದ್ದವಳು. ಆದರೆ ಬಾದಾಮಿ ಕಡೆಯ ನಮ್ಮೂರಲ್ಲಿ ಕುಬಸ, ತೊಟ್ಟಿಲು, ಮದುವೆ ಏನೇ ಇದ್ದರೂ ಹಾಡು ಕಟ್ಟಲು ಅವಳೇ ಬೇಕಿತ್ತು.

ಕಟ್ಟುತ್ತಿದ್ದದ್ದು ಬೀಸುಕಲ್ಲಿನ ಮುಂದೆ. ನಸುಕಿನಲ್ಲಿ ಜೋಳ ಬೀಸಲು ಕೂತರೆ ಎದುರಿಗೆ ದೊಡ್ಡವ್ವ. ಇಬ್ಬರೂ ಗೂಟ ಹಿಡಿದು ತಿರುವುತ್ತಿದ್ದರು, ಆಯಿ ನಡುನಡುವೆ ಮುಕ್ಕು ಹಾಕುತ್ತಿದ್ದಳು. ಅವಳು ಹೇಳಿದ ಸಾಲನ್ನು ದೊಡ್ಡವ್ವ ತಿರುಗಿ ಹೇಳುವಷ್ಟರಲ್ಲಿ ಆಯಿಗೆ ಮುಂದಿನದು ಹೊಳೆದಿರುತ್ತಿತ್ತು. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಭಾಗವನ್ನು ಮತ್ತೆ ಹೇಳುವುದಕ್ಕೆ ಛಂದಸ್ಸಿನ ಪಾಠದಲ್ಲಿ ಲಯದ ಕಾರಣ ಕೇಳಿದ್ದೇನೆ. ನನಗಂತೂ ಅದು ಹಾಡು ಕಟ್ಟುವವಳಿಗೆ ಯೋಚಿಸಲು ಸಿಕ್ಕ ಬಿಡುವು ಅನ್ನಿಸುತ್ತದೆ.

ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನದಲ್ಲಿ ಕನ್ನಡದ ಅತಿ ಹಳೆಯ ತ್ರಿಪದಿಗಳಿವೆ, ಅದು ಸುಮಾರು ಕ್ರಿ.ಶ. 700ರದ್ದು ಎಂದು ಕಾಲೇಜಿನಲ್ಲಿ ತಿಳಿಯಿತು. ರಜೆಗೆ ಬಂದಾಗ ಆಯಿಗೆ ಹೇಳಿದೆ.

“ಅದರಾಗ ಯಾರ ಹೆಸರು ಐತಿ?”

“ಅರಭಟ್ಟ ಅನ್ನೋ ವೀರಂದು.”

“ಕಟ್ಟಿದವರದು?”

ಇಲ್ಲ ಅಂದೆ. ಆಯಿ ನಕ್ಕಳು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ಪದಗಳು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚಾದವು. ಅವರು ಆ ಕೆಲಸ ಮಾಡದಿದ್ದರೆ ನಮಗೆ ಅಷ್ಟೂ ಸಿಗುತ್ತಿರಲಿಲ್ಲ. ಆದರೂ ಯಾವ ಪದ ಯಾವ ಹೆಣ್ಣುಮಗಳು ಕಟ್ಟಿದ್ದು ಎಂದು ಇವತ್ತು ತಿಳಿಯುವ ದಾರಿಯಿಲ್ಲ. ಆಯಿಯ ಹಾಡುಗಳನ್ನಾದರೂ ಅವಳ ಹೆಸರಲ್ಲೇ ಬರೆದಿಡಬೇಕೆಂದು ಟೇಪ್ ರೆಕಾರ್ಡರ್ ತಂದೆ.

ಅಷ್ಟರಲ್ಲಿ ಊರಿಗೆ ಗಿರಣಿ ಬಂದು ವರ್ಷಗಳೇ ಆಗಿದ್ದವು. ಆಯಿಗೆ ಅದರ ಬಗ್ಗೆ ಕೊರಗಿರಲಿಲ್ಲ. ರಟ್ಟೆನೋವು ತಪ್ಪಿತೆಂದು ಖುಷಿಯೇ ಇತ್ತು. (ಬೀಸುವ ಹಾಡು ಹೋಯಿತೆಂದು ಮರುಗುವ ನಾವ್ಯಾರೂ ದಿನಾ ಬೀಸಿದವರಲ್ಲ.) ಆದರೆ ಕುರ್ಚಿಯಲ್ಲಿ ಕೂರಿಸಿ ಹಾಡು ಅಂದರೆ ಮೂರನೆಯ ಸಾಲಿಗೆ ತಡವರಿಸಿದಳು. “ಕಲ್ಲಿಲ್ಲದ ಹೆಂಗ ಬರತೈತಿ?” ಅಂದಳು.

ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದ ಬೀಸುಕಲ್ಲನ್ನು ನಾನೂ ಮಾವನೂ ಎಳೆದು ತಂದು ತೊಳೆದೆವು. ಬರೀ ಕಲ್ಲು ತಿರುವಬಾರದೆಂದು ಆಯಿ ಒಂದು ಮರ ಜೋಳ ತರಿಸಿದಳು. ದೊಡ್ಡವ್ವ ಎದುರಿಗೆ ಕೂತಳು. ಗೂಟಕ್ಕೆ ಕೈ ಬಿದ್ದದ್ದೇ ತಡ, ಒಂದರ ಹಿಂದೆ ಒಂದು ಹಾಡು ಬಂದವು. ತವರಿನ ದಾರಿಯದು, ಬರಗಾಲದ್ದು, ಮಾವನ ಮದುವೆಯಲ್ಲಿ ಬೀಗರನ್ನು ಕಾಡಿಸಿದ್ದು.

ಅವ್ವನ ಬೆನ್ನಿಗೆ ಹುಟ್ಟಿದ ತಮ್ಮನೊಬ್ಬ ನಾಲ್ಕನೆಯ ವಯಸ್ಸಿಗೆ ಜ್ವರದಲ್ಲಿ ಹೋಗಿದ್ದ. ಅವನ ಮೇಲೆ ಆಯಿ ಒಂದು ಪದ ಕಟ್ಟಿದ್ದಾಳೆಂದು ಅವ್ವ ಹೇಳುತ್ತಿದ್ದಳು. ಅದನ್ನು ಕೇಳಿದೆ. ಕಲ್ಲು ನಿಂತಿತು.

“ಅದನ್ನ ಬಂದ್ ಮಾಡು” ಎಂದಳು ಟೇಪಿನ ಕಡೆ ನೋಡಿ.

ಬಂದ್ ಮಾಡಿದೆ. ಆಯಿ ಮುಕ್ಕು ಹಾಕಿ ಹಾಡಿದಳು. ದೊಡ್ಡವ್ವ ತಿರುಗಿ ಹೇಳಿದಳು. ಅದನ್ನು ನಾನು ಎಲ್ಲೂ ಬರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ.