ದೂರದ ಪರೀಕ್ಷೆ: ಧಾತು ಬರದಿಂದ ನಮ್ಮ ಕೇರಿಯ ಹುಡುಗರವರೆಗೆ

ಸ್ವಲ್ಪ ಉದ್ದ ಆಗೈತಿ, ಪುರುಸೊತ್ತು ಇದ್ದಾಗ ಓದ್ರಿ.

ಹೋದ ವಾರ ಆಫೀಸಿನಲ್ಲಿ ಊಟದ ಹೊತ್ತಿಗೆ ಒಂದು ಮಾತು ಬಂತು. ಸಾಹೇಬರೊಬ್ಬರು ಉದ್ಯೋಗ ಮೇಳ ಮುಗಿಸಿಕೊಂಡು ಬಂದಿದ್ದರು. "ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕೆಲಸ ಇಲ್ಲ ಅನ್ನೂದು ಸುಳ್ಳ. ಕೆಲಸ ಐತಿ, ಈ ಹುಡುಗೂರು ಊರ ಬಿಟ್ಟ ಹೋಗಾಕ ಒಲ್ಲರು. ದೂರ ಹೋಗ್ರಿ ಅಂದ್ರ ಅವ್ವನ ಸೆರಗ ಹಿಡೀತಾರ" ಅಂದರು. ಎಲ್ಲರೂ ನಕ್ಕರು. ನಾನು ಡಬ್ಬಿ ಮುಚ್ಚಿ ಎದ್ದೆ, ಏನೂ ಅನ್ನಲಿಲ್ಲ. ಗುಮಾಸ್ತನ ನೌಕರಿ, ಮಗಳ ಕಾಲೇಜ್ ಫೀ ಬೇರೆ ಇದೆ. ಅಲ್ಲಿ ಆಡದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಬೇಕಾದರೆ ದೂರ ಹೋಗು ಎಂಬುದು ಹೊಸ ಉಪದೇಶವೇನಲ್ಲ. ಒಂದು ಕಾಲಕ್ಕೆ ಅದು ಸರ್ಕಾರದ ನಿಯಮವೇ ಆಗಿತ್ತು.

1876ರಲ್ಲಿ ಮಳೆ ಕೈಕೊಟ್ಟಿತು. ಅದು ಧಾತು ಸಂವತ್ಸರ, ಹಾಗಾಗಿ ಧಾತು ಬರ ಅಂತಲೇ ಹೆಸರಾಯಿತು. ಆಗ ಬೆಳಗಾವಿ, ಕಲಾದಗಿ, ಧಾರವಾಡ ಎಲ್ಲ ಮುಂಬೈ ಪ್ರಾಂತ್ಯದಲ್ಲಿದ್ದವು. ಮುಂದಿನ ಎರಡು ವರ್ಷಗಳಲ್ಲಿ ಬ್ರಿಟಿಷ್ ಆಳ್ವಿಕೆಯ ಭಾಗದಲ್ಲಿ ಸತ್ತವರು 50 ಲಕ್ಷಕ್ಕೂ ಹೆಚ್ಚು. ಸರ್ಕಾರ ಬರಗಾಲದ ಕಾಮಗಾರಿ ತೆರೆಯಿತು. ರಸ್ತೆ ಹಾಕುವುದು, ಜಲ್ಲಿ ಒಡೆಯುವುದು, ಕೆರೆ ತೋಡುವುದು. ಜನ ಸಾವಿರಗಟ್ಟಲೆ ಬಂದರು. ಬಂದದ್ದೇ ತಪ್ಪಾಯಿತು. ಖರ್ಚು ಹೆಚ್ಚಾಯಿತು ಅಂತ ವೈಸ್‌ರಾಯ್ ಲಿಟನ್, ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಕಳಿಸಿದ. ಟೆಂಪಲ್ ಕೂಲಿ ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಮೇಲೆ ಪುಡಿಗಾಸು. ಒಂದು ಪೌಂಡ್ ಅಂದರೆ ಅರ್ಧ ಕಿಲೋ ಕೂಡ ಅಲ್ಲ, 450 ಗ್ರಾಂ. ದಿನವೆಲ್ಲ ಕಲ್ಲು ಒಡೆಯುವವನಿಗೆ ಇದು ಸಾಲುವುದಿಲ್ಲ ಅಂತ ಮದ್ರಾಸಿನ ಸ್ಯಾನಿಟರಿ ಕಮಿಷನರ್ ಕಾರ್ನಿಷ್ ಎಂಬ ವೈದ್ಯನೇ ಜಗಳ ತೆಗೆದ.

ಕೂಲಿ ಇಳಿಸಿದ್ದು ಸಾಲದೆ ಇನ್ನೊಂದು ಉಪಾಯ ಬಂತು. ಅದನ್ನು ದೂರದ ಪರೀಕ್ಷೆ ಅಂತ ಕರೆಯುತ್ತಿದ್ದರು. ಮೈಯಲ್ಲಿ ಕಸುವಿದ್ದವರಿಗೆ ಮನೆ ಹತ್ತಿರ ಕೆಲಸ ಕೊಡಬಾರದು, ಹತ್ತು ಮೈಲಿಗಿಂತ ಆಚೆಯ ಕ್ಯಾಂಪಿಗೆ ಕಳಿಸಬೇಕು. ನಿಜವಾಗಿ ಹಸಿದವನು ಹೋಗುತ್ತಾನೆ, ಸೋಮಾರಿ ಉಳಿಯುತ್ತಾನೆ ಎಂಬ ಲೆಕ್ಕ. ಹತ್ತು ಮೈಲಿ ಅಂದರೆ 16 ಕಿಲೋಮೀಟರ್. ಹಸಿದ ಹೊಟ್ಟೆಯಲ್ಲಿ, ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು, ಮುದುಕರನ್ನು ಗುಡಿಸಲಲ್ಲಿ ಬಿಟ್ಟು ನಡೆಯಬೇಕು. ಹೊಲ ಇದ್ದವನು ಎತ್ತು ಮಾರಿಯಾದರೂ ಎರಡು ತಿಂಗಳು ತಳ್ಳಿಯಾನು. ಏನೂ ಇಲ್ಲದವನೇ ಮೊದಲು ಹೊರಡಬೇಕು. ಆ ಏನೂ ಇಲ್ಲದವರು ಯಾವ ಕೇರಿಯವರು ಅಂತ ನಿಮಗೆ ಹೇಳಬೇಕಿಲ್ಲ.

ಜನ ಸುಮ್ಮನೆ ಒಪ್ಪಲಿಲ್ಲ ಅನ್ನುವುದನ್ನು ಮಾತ್ರ ಮರೀಬ್ಯಾಡ್ರಿ. 1877ರ ಆರಂಭದಲ್ಲಿ ಮುಂಬೈ ಪ್ರಾಂತ್ಯದ ಬರಗಾಲದ ಕೂಲಿಗಳು ಆ ಕೂಲಿಗೆ, ಆ ದೂರದ ಕ್ಯಾಂಪಿಗೆ ಹೋಗುವುದಿಲ್ಲ ಅಂತ ಕೆಲಸ ಬಿಟ್ಟು ಕುಳಿತರು. ಪುಣೆಯ ಸಾರ್ವಜನಿಕ ಸಭಾ ಅವರ ಪರ ಅರ್ಜಿ ಬರೆಯಿತು. ಗಾಂಧೀಜಿಗೆ ಆಗ ಏಳೆಂಟು ವರ್ಷ. ಅಸಹಕಾರದ ಪಾಠ ಹೇಳುವಾಗ ಈ ಕೂಲಿಕಾರರ ಹೆಸರು ಯಾರೂ ಎತ್ತುವುದಿಲ್ಲ.

ಇದೇ ಸರ್ಕಾರದ ಇನ್ನೊಂದು ಕಾಗದ ನೋಡಿರಿ. ಬರಕ್ಕೆ ಎರಡೇ ವರ್ಷ ಮೊದಲು, 1874ರಲ್ಲಿ, ಮುಂಬೈ ಸರ್ಕಾರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ಮಾಡಿತ್ತು. ಕುಲಕರ್ಣಿ, ಗೌಡನ ಜೊತೆ ಮಹಾರ ವತನವೂ ಅದರಲ್ಲಿ ಬರುತ್ತಿತ್ತು. ಊರಿನ ಸುದ್ದಿ ಒಯ್ಯುವುದು, ಸರ್ಕಾರಿ ದುಡ್ಡು ಹೊರುವುದು, ಬಂದ ಸಾಹೇಬನ ಕುದುರೆ ಮುಂದೆ ಓಡುವುದು, ಹಗಲು ರಾತ್ರಿ ಕರೆದಾಗ ಹಾಜರಿರುವುದು. ಬದಲಿಗೆ ಚೂರು ಇನಾಮು ಜಮೀನು, ಸುಗ್ಗಿಯಲ್ಲಿ ಆಯ. ಅವನು ಹೊರಗೆ ಹೋಗಿದ್ದರೆ ಮನೆಯವರು ಯಾರಾದರೂ ಹೋಗಿ ನಿಲ್ಲಬೇಕು. ಅಂದರೆ ಗೌಡನಿಗೆ ಬೇಕಾದಾಗ ಊರು ಬಿಡಬಾರದು, ಸರ್ಕಾರದ ಖಜಾನೆ ಉಳಿಸಬೇಕಾದಾಗ ಹತ್ತು ಮೈಲಿ ನಡೆಯಬೇಕು. ಎರಡರಲ್ಲೂ ನಮ್ಮವನನ್ನು ಯಾರೂ ಕೇಳಲಿಲ್ಲ.

ಬಾಬಾಸಾಹೇಬರು ಇದನ್ನು ಸರಿಯಾಗಿ ಹಿಡಿದರು. 1928ರಲ್ಲಿ ಮುಂಬೈ ಶಾಸನಸಭೆಯಲ್ಲಿ ಆ 1874ರ ಕಾಯ್ದೆ ತಿದ್ದಲು ಮಸೂದೆ ತಂದರು. ಪಾಸಾಗಲಿಲ್ಲ, ಹಿಂದಕ್ಕೆ ಪಡೆಯಬೇಕಾಯಿತು. ಆ ಜಮೀನಿನ ತುಂಡು ನಮ್ಮನ್ನು ಊರಿಗೆ ಕಟ್ಟುವ ಹಗ್ಗ ಅನ್ನುವುದು ಅವರ ವಾದ. ನಮ್ಮವರೇ ಎಷ್ಟೋ ಜನ ಇದ್ದ ಭೂಮಿ ಹೋಗುತ್ತದೆ ಅಂತ ಹೆದರಿದ್ದರು, ಅದನ್ನೂ ಹೇಳಬೇಕು. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಹಾಡಿ ಹೊಗಳುವವರಿಗೆ ಅವರು ಕೊಟ್ಟ ಉತ್ತರ ನಿಮಗೆಲ್ಲ ಗೊತ್ತಿದೆ. ನಮ್ಮ ಕಡೆ ವತನದ ಹಗ್ಗ ಕಾನೂನಿನಲ್ಲಿ ಕಡಿದದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ.

ನಮ್ಮ ಮುತ್ಯಾ ಅಷ್ಟು ದಿನ ಕಾಯಲಿಲ್ಲ. ಸ್ವಾತಂತ್ರ್ಯಕ್ಕೂ ಮೊದಲೇ ಊರು ಬಿಟ್ಟು ಗೋಕಾಕ ಫಾಲ್ಸಿಗೆ ಬಂದ. ಅಲ್ಲಿಯ ಮಿಲ್ಲಿನ ಕಂಪನಿ 1885ರದ್ದು, ಘಟಪ್ರಭೆಯ ಜಲಪಾತದ ನೀರಿನ ಬಲದಿಂದ ನೂಲು ತೆಗೆದ ಮಿಲ್ಲು. ಮುತ್ಯಾ ಒಳಗೆ ಏನು ಕೆಲಸ ಮಾಡುತ್ತಿದ್ದ ಅನ್ನುವುದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಭೋಂಗಾ ಮಾತ್ರ ಎಲ್ಲರಿಗೂ ನೆನಪಿದೆ. "ಭೋಂಗಾ ಆದ್ರ ಏಳೂದು, ಭೋಂಗಾ ಆದ್ರ ಮನಿಗೆ ಬರೂದು. ಗೌಡ ಒದರಿದ್ರ ಅಲ್ಲ" ಅಂತ ಆಯಿ ಹೇಳುತ್ತಿದ್ದಳು. ಅವಳಿಗೆ ಪಗಾರಕ್ಕಿಂತ ಅದೇ ದೊಡ್ಡದಾಗಿತ್ತು.

ಹಾಗಂತ ದೂರ ಹೋದವರಿಗೆಲ್ಲ ಜಾತಿ ಬಿಟ್ಟುಹೋಯಿತು ಅಂತಲ್ಲ. ಮುಂಬೈ ಮಿಲ್ಲುಗಳ ನೇಯ್ಗೆ ಖಾತೆಯಲ್ಲಿ ನಮ್ಮವರನ್ನು ಸೇರಿಸುತ್ತಿರಲಿಲ್ಲ. ನೂಲು ತುಂಡಾದರೆ ಬಾಯಿಂದ ಎಳೆಯಬೇಕು, ಎಂಜಲು ಮೈಲಿಗೆ. ಪಗಾರ ಜಾಸ್ತಿ ಇದ್ದದ್ದೂ ಅದೇ ಖಾತೆಯಲ್ಲಿ. 1928ರ ದೊಡ್ಡ ಮುಷ್ಕರದಲ್ಲಿ ಬಾಬಾಸಾಹೇಬರು ಈ ಪ್ರಶ್ನೆ ಎತ್ತಿದರು. ಈಗ ಕೊಲ್ಹಾಪುರದಲ್ಲಿ ರೂಮು ಕೇಳಿದರೆ ಮೊದಲು ಅಡ್ಡಹೆಸರು ಕೇಳುತ್ತಾರೆ ಅಂತ ನನ್ನ ಚಿಗವ್ವನ ಮಗ ಹೇಳುತ್ತಾನೆ. ಆದರೆ ಅವನೇ ಇನ್ನೊಂದೂ ಹೇಳಿದ. "ಅಣ್ಣಾ, ಇಲ್ಲಿ ಕಟಿಂಗ್ ಅಂಗಡ್ಯಾಗ ಸುಮ್ಮ ಹೋಗಿ ಕುರ್ಚಿ ಮ್ಯಾಲ ಕುಂತೆ. ಯಾವ ಊರು, ಯಾರ ಮಗಾ, ಯಾರೂ ಕೇಳಲಿಲ್ಲ." ಆಗ ಅವನಿಗೆ 23 ವರ್ಷ.

ಆದ್ದರಿಂದ ಊರಲ್ಲೇ ಇರ್ರಿ ಅಂತ ನಾನು ಯಾರಿಗೂ ಹೇಳುವವನಲ್ಲ. ನಮಗೆ ಊರಿನ ಮೋಹ ಯಾವತ್ತೂ ಜಾಸ್ತಿ ಇರಲಿಲ್ಲ, ಊರಿಗೂ ನಮ್ಮ ಮೇಲೆ ಇರಲಿಲ್ಲ. ನನ್ನ ತಕರಾರು ದೂರವನ್ನು ಪರೀಕ್ಷೆ ಮಾಡುವವರ ಜೊತೆ. ಹೋಗದಿದ್ದರೆ ಸೋಮಾರಿ ಅನ್ನುವ ಆ ಸಾಹೇಬರ ಮಾತು ಟೆಂಪಲ್ಲನ ಲೆಕ್ಕವೇ. 1981ರಲ್ಲಿ ಬ್ರಿಟನ್ನಿನ ಮಂತ್ರಿ ನಾರ್ಮನ್ ಟೆಬಿಟ್ ಕೂಡ ನಮ್ಮಪ್ಪ ನಿರುದ್ಯೋಗಿಯಾದಾಗ ಗಲಾಟೆ ಮಾಡಲಿಲ್ಲ, ಸೈಕಲ್ ಹತ್ತಿ ಕೆಲಸ ಹುಡುಕಿದ ಅಂತ ಭಾಷಣ ಮಾಡಿದ. ನಮ್ಮ ಹುಡುಗರು ಎಂದೋ ಸೈಕಲ್ ಹತ್ತಿಯಾಗಿದೆ. ಕಾಗಲ್, ಇಚಲಕರಂಜಿ, ಗೋವಾದ ವೆರ್ಣಾ, ವಾಸ್ಕೋ, ಎಲ್ಲಿಲ್ಲ ಹೇಳ್ರಿ? 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಹೇಳಿ ಹನ್ನೆರಡಕ್ಕೆ ಮುಚ್ಚಿದಾಗ ಹೆದ್ದಾರಿ ಹಿಡಿದು ನಡೆದು ಬಂದವರು ಯಾರು? ದೂರ ಹೋಗಿದ್ದವರೇ ಅಲ್ಲೇನು?

ಹೋಗುವ ಖರ್ಚು ಯಾರದು ಅನ್ನುವುದಕ್ಕೆ ಕಾನೂನಿನಲ್ಲಿ ಉತ್ತರ ಇತ್ತು. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಓದಿರಿ. ಗುತ್ತಿಗೆದಾರನ ಮೂಲಕ ಬೇರೆ ರಾಜ್ಯಕ್ಕೆ ಒಯ್ದರೆ ತಿಂಗಳ ಪಗಾರದ ಅರ್ಧದಷ್ಟು ಸ್ಥಳಾಂತರ ಭತ್ಯೆ, ಹೋಗಿಬರುವ ಖರ್ಚು, ಇರಲು ಜಾಗ. ನಮ್ಮ ಕೇರಿಯಲ್ಲಿ ಇದನ್ನು ಪಡೆದವರು ಒಬ್ಬರನ್ನೂ ನಾನು ನೋಡಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ ಕೆಲಸ ಊರಿನಿಂದ 5 ಕಿಲೋಮೀಟರ್ ಒಳಗೆ ಕೊಡಬೇಕು, ಆಚೆ ಕೊಟ್ಟರೆ ಕೂಲಿಯ ಮೇಲೆ ನೂರಕ್ಕೆ 10 ಹೆಚ್ಚು ಕೊಡಬೇಕು ಅಂತ ಬರೆದರು. ಟೆಂಪಲ್ಲನ ಹತ್ತು ಮೈಲಿಯನ್ನು ತಿರುವಿ ಹಾಕಲು ಈ ದೇಶಕ್ಕೆ 128 ವರ್ಷ ಬೇಕಾಯಿತು.

ಇನ್ನೊಂದು ಸಣ್ಣ ಮಾತು. ಸುಗ್ಗಿಯಲ್ಲಿ ನಮ್ಮ ತಾಲೂಕುಗಳಿಗೇ ಬೀಡ್ ಕಡೆಯಿಂದ, ವಿಜಯಪುರ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಗದ್ದೆ ಬದಿಯ ಕೊಪ್ಪಿಯಲ್ಲಿ ಕೂಸು ಮಲಗಿರುತ್ತದೆ. ಅವರು ದೂರದಿಂದ ಇಲ್ಲಿಗೆ, ನಮ್ಮವರು ಇಲ್ಲಿಂದ ದೂರಕ್ಕೆ. ಹಿಡಕಲ್ ಡ್ಯಾಮಿನ ನೀರು ಎಲ್ಲೂ ಹೋಗಿಲ್ಲ, ಇಲ್ಲೇ ಕಾಲುವೆಯಲ್ಲಿದೆ. ಅದು ಯಾರ ಹೊಲಕ್ಕೆ ಹರಿಯುತ್ತದೆ ಅಂತ ಉದ್ಯೋಗ ಮೇಳದಲ್ಲಿ ಯಾರೂ ಕೇಳುವುದಿಲ್ಲ.

ಮೊನ್ನೆ ಪಕ್ಕದ ಮನೆ ಹುಡುಗ ಬಂದಿದ್ದ, ಐಟಿಐ ಆಗಿದೆ. "ಮಾಮಾ, ವೆರ್ಣಾದಾಗ ಕರದಾರ. ಹೋಗ್ಲೋ ಬ್ಯಾಡೋ?" ಅಂದ. ಹೋಗಪಾ ಅಂದೆ. ಗುತ್ತಿಗೆದಾರನ ಪೂರ್ಣ ಹೆಸರು, ಫೋನ್ ನಂಬರ್ ಬರಕೋ, ರೂಮಿನ ಬಾಡಿಗೆ ಯಾರು ಕೊಡತಾರ ಕೇಳು, ಪಿಎಫ್ ಹಿಡೀತಾರೇನು ನೋಡು, ಮೊದಲ ಪಗಾರದ ಸ್ಲಿಪ್ಪಿನ ಫೋಟೋ ನನಗ ಕಳಸು ಅಂದೆ. ವಾಪಸ್ ಬರೂ ಬಸ್ಸಿನ ರೊಕ್ಕ ಬ್ಯಾರೆ ಇಡು, ಅದನ್ನ ಮುಟ್ಟಬ್ಯಾಡ ಅಂತ ಅವನ ಅವ್ವ ಬಾಗಿಲಲ್ಲಿ ನಿಂತೇ ಹೇಳಿದಳು. ಭಾನುವಾರ ರಾತ್ರಿ ಹೋದ.