ಧಾತು ಈಶ್ವರದ ಬರ: ಧಾನ್ಯ, ಬಂಡಿ, ಕಚೇರಿ

ಮೈಸೂರು ಸೀಮೆಯ ಹಿರಿಯರ ಬಾಯಲ್ಲಿ ‘ಧಾತು ಈಶ್ವರದ ಬರ’ ಎಂಬ ಮಾತು ಬಹುಕಾಲ ಉಳಿದಿತ್ತು. ಧಾತು, ಈಶ್ವರ ಎಂಬ ಎರಡು ಸಂವತ್ಸರಗಳಲ್ಲಿ, ಎಂದರೆ 1876ರಿಂದ 1878ರವರೆಗೆ, ನಾಡನ್ನು ಹಿಂಡಿದ ಕ್ಷಾಮವದು. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ತುಮಕೂರು ಜಿಲ್ಲೆಯೂ ಈ ಹೊಡೆತಕ್ಕೆ ಸಿಕ್ಕಿತು.

ಮಳೆ ಹೋದುದರಿಂದ ಬರ ಬಂದಿತೆನ್ನುವುದು ಸರಿಯೇ. ಆದರೆ ಜನ ಇಷ್ಟು ಸತ್ತದ್ದೇಕೆ? ಆಗ ಆಳುತ್ತಿದ್ದುದು ಬ್ರಿಟಿಷ್ ಕಮಿಷನ್. ಅದರ ಕೈಯಲ್ಲಿ ಹಣವಿತ್ತು, ಕಚೇರಿಗಳಿದ್ದವು, ಬೆಂಗಳೂರಿಗೆ 1864ರಲ್ಲೇ ರೈಲೂ ಬಂದಿತ್ತು. ಮದ್ರಾಸಿನ ಕಡೆಯಿಂದ ಧಾನ್ಯವೂ ಬರುತ್ತಿತ್ತು. ತೊಡಕು ಇದ್ದುದು ಬೆಂಗಳೂರಿನಿಂದ ಆಚೆಗೆ. ತುಮಕೂರಿಗೆ ಸುಮಾರು ಎಪ್ಪತ್ತು ಕಿಲೋಮೀಟರು, ಗುಬ್ಬಿಗೆ ಇನ್ನೂ ಮುಂದೆ. ಸಾಗಣೆಗೆ ಎತ್ತಿನ ಬಂಡಿಯೇ ಗತಿ. ಮೇವಿಲ್ಲದೆ ಎತ್ತುಗಳು ಬೀಳುತ್ತಿದ್ದಾಗ ಬಂಡಿ ಎಳೆಯುವವರಾರು? ಅಡಕೆ ವ್ಯಾಪಾರಕ್ಕೆ ಹೆಸರಾದ ಗುಬ್ಬಿಯಂಥ ಪೇಟೆಯೂ ಬಂಡಿ ನಿಂತರೆ ಒಂಟಿ ಹಳ್ಳಿಯೇ. ರಾಗಿಯನ್ನು ಹಗೇವಿನಲ್ಲಿ ತುಂಬಿಟ್ಟು ಒಂದು ವರ್ಷದ ಬರವನ್ನು ದಾಟುವ ಉಪಾಯ ರೈತನಿಗೆ ಗೊತ್ತಿತ್ತು. ಮೇಲಿಂದ ಮೇಲೆ ಬೆಳೆ ಹೋದಾಗ ಹಗೇವೂ ಬರಿದಾಯಿತು.

ಇನ್ನು ಕಚೇರಿಗಳ ಮಾತು. ಗಂಜಿಯ ಛತ್ರಗಳು ರೆವಿನ್ಯೂ ಅಧಿಕಾರಿಗಳ ಕೈಯಲ್ಲಿದ್ದವು. ಕೆರೆ, ರಸ್ತೆಗಳ ಸಣ್ಣಪುಟ್ಟ ಕಾಮಗಾರಿಗಳಲ್ಲಿ ಬಹುಪಾಲನ್ನು ಅವರೇ ನಡೆಸಿದರು. ಅಲ್ಲಿ ಇಂಜಿನಿಯರರ ಮೇಲ್ವಿಚಾರಣೆ ಇರಲಿಲ್ಲವೆಂದರೂ ಸಲ್ಲುತ್ತದೆ. ಹೀಗಾಗಿ ದುಡಿಯಬಲ್ಲವನೂ ದುಡಿಯಲಾರದವನೂ ಒಂದೇ ಛತ್ರದ ಮುಂದೆ ಕೂಡಿದರು. ಅತ್ತ ಮದ್ರಾಸು ಪ್ರಾಂತ್ಯದಲ್ಲಿ, ವೈಸ್‌ರಾಯರ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಕೂಲಿಯಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಮೇಲೊಂದು ಅಲ್ಪ ಮೊತ್ತವೂ ಸಾಕೆಂದು ಗೊತ್ತುಮಾಡಿದನು. ಅಲ್ಲಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಅದನ್ನು ವಿರೋಧಿಸಿದನು. ಬೊಕ್ಕಸದ ಲೆಕ್ಕ ಒಂದು, ವೈದ್ಯನ ಲೆಕ್ಕ ಮತ್ತೊಂದು! ನನಗಂತೂ ವೈದ್ಯನ ಪಕ್ಷವೇ ನ್ಯಾಯವೆನಿಸುತ್ತದೆ. ಹೊಟ್ಟೆಗೆ ಸಾಲದ ಕೂಲಿಯಿಂದ ಉಳಿತಾಯವೆಲ್ಲಿ ಬಂತು?

1877ರ ಸೆಪ್ಟೆಂಬರಿನಲ್ಲಿ ವೈಸ್‌ರಾಯ್ ಲಿಟನ್ ಮೈಸೂರಿಗೆ ಬಂದನು. ಬಳಿಕ ಚಾರ್ಲ್ಸ್ ಎಲಿಯಟ್ ಕ್ಷಾಮ ಕಮಿಷನರನಾದನು. ಸ್ಕಾಟ್ ಮಾನ್‌ಕ್ರೀಫ್‌ಗೆ ಮರಾಮತ್ತಿನ ಹೊಣೆ ಬಂತು. ಶಕ್ತರನ್ನು ಛತ್ರಗಳಿಂದ ಬಿಡಿಸಿ ಇಂಜಿನಿಯರರು ನಡೆಸುವ ದೊಡ್ಡ ಕೆಲಸಗಳಿಗೆ ಕಳಿಸುವುದು ಹೊಸ ಪದ್ಧತಿ. ಚದರಿದ್ದ ಅಧಿಕಾರ ಒಂದೆಡೆ ಕೂಡಿತು, ನಿಜ. ಹಾಗೆಂದು ಬರ ನೀಗಿದ ಕೀರ್ತಿಯನ್ನೆಲ್ಲ ಎಲಿಯಟನಿಗೆ ಕಟ್ಟುವುದು ಸಲ್ಲದು; ಅದೇ ಹೊತ್ತಿಗೆ ಮಳೆಯೂ ಬಂದಿತು. ಮೇಲಾಗಿ ಹಸಿದು ಸೊರಗಿದವನಿಗೆ ಊರು ಬಿಟ್ಟು ದೂರದ ಕಾಮಗಾರಿಗೆ ನಡೆಯುವುದೆಂದರೆ ಸುಲಭವೇ? ಕಾಗದದ ಮೇಲೆ ಶಕ್ತನೆನಿಸಿದವನು ದಾರಿಯಲ್ಲಿ ಶಕ್ತನಾಗಿರಬೇಕಲ್ಲ.

ಆದರೂ ಎಲಿಯಟನ ಅನುಭವ ವ್ಯರ್ಥವಾಗಲಿಲ್ಲ. ಮೈಸೂರಿನ ಕ್ಷಾಮದ ಇತಿಹಾಸವನ್ನು ವರದಿಯಾಗಿ ಬರೆದ ಅವನು ಮುಂದೆ ಭಾರತದ ಕ್ಷಾಮ ಆಯೋಗಕ್ಕೆ ಕಾರ್ಯದರ್ಶಿಯಾದನು. ಆ ಆಯೋಗದಿಂದ ಹುಟ್ಟಿದುದು 1880ರ ದಶಕದ ಕ್ಷಾಮಸಂಹಿತೆ: ಯಾರು ಯಾವಾಗ ಏನು ಮಾಡಬೇಕೆಂಬುದನ್ನು ಬರ ಬರುವ ಮೊದಲೇ ಬರೆದಿಡುವ ಕ್ರಮ. 2005ರ ವಿಪತ್ತು ನಿರ್ವಹಣಾ ಕಾಯಿದೆಯಲ್ಲಿ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರದೊಳಗೆ ಪೊಲೀಸ್, ವೈದ್ಯ, ಪಂಚಾಯಿತಿಗಳನ್ನು ಕೂಡಿಸಿರುವುದು ಅದೇ ವಂಶದ ಕುಡಿಯೆನ್ನಬಹುದು.

ಸಂಸ್ಥಾನದ ಮಟ್ಟಿಗೆ ಉಳಿದದ್ದು ಸಾಲ. ಕೂಡಿಟ್ಟಿದ್ದ ಹಣವೆಲ್ಲ ಕರಗಿ, 1881ರಲ್ಲಿ ರಾಜ್ಯ ಅರಸರಿಗೆ ಮರಳಿದಾಗ ತಲೆಯ ಮೇಲೆ 80 ಲಕ್ಷ ರೂಪಾಯಿ ಇತ್ತು. ಅಷ್ಟಿದ್ದರೂ ದಿವಾನ್ ರಂಗಾಚಾರ್ಲು ರೈಲಿಗೆ ಕೈಹಾಕಿದರು. ಧಾನ್ಯ ಸಾಗದೆ ಜನ ಸತ್ತುದನ್ನು ಕಂಡವರು ಬೇರೇನು ಮಾಡಿಯಾರು? 1884ರಲ್ಲಿ ತುಮಕೂರಿಗೆ ರೈಲು ಬಂದಿತು, ಅದನ್ನು ನೋಡಲು ಅವರಿರಲಿಲ್ಲ. ಗುಬ್ಬಿಯ ನಾಟಕ ಕಂಪನಿ ಹುಟ್ಟಿದುದೂ ಅದೇ ವರ್ಷ. ಬೆಂಗಳೂರು–ಹಾಸನದ ದಾರಿಯಲ್ಲಿದ್ದ ಕುಣಿಗಲ್ ಮಾತ್ರ ಬಂಡಿ, ಮೋಟಾರುಗಳನ್ನೇ ನಂಬಿಕೊಂಡು, ತನ್ನ ರೈಲಿಗಾಗಿ 2017ರವರೆಗೆ ಕಾಯಬೇಕಾಯಿತು.